ಮಳೆ ಇದ್ದೂ ಒಣಗುವ ಹೊಲ: ಹಸು ಮಾರಲೇ, ಬೋರ್ ತೆಗೆಸಲೇ?

ಪ್ರಶ್ನೆ: ನಮ್ಮದು ಶಿಕಾರಿಪುರ ತಾಲೂಕಿನ ಒಂದು ಹಳ್ಳಿ. ನಾಲ್ಕು ಎಕರೆ ಕೆಂಪು ಮಣ್ಣಿನ ಹೊಲ, ಮಳೆ ನಂಬಿದ ಬೇಸಾಯ. ಹನ್ನೆರಡು ವರ್ಷದಿಂದ ಬರೀ ಗೋವಿನಜೋಳ. ಮೊದಲು ಎಕರೆಗೆ 22–24 ಕ್ವಿಂಟಲ್ ಬರುತ್ತಿತ್ತು, ಈಗ 14–15ಕ್ಕೆ ಇಳಿದಿದೆ. ಗೊಬ್ಬರ ಮಾತ್ರ ಎಕರೆಗೆ ಎರಡು ಚೀಲ ಇದ್ದದ್ದು ನಾಲ್ಕಾಗಿದೆ: ಎರಡು ಡಿಎಪಿ, ಎರಡು ಯೂರಿಯಾ. ಎರಡು ಎಚ್‌ಎಫ್ (ವಿದೇಶಿ ತಳಿ) ಹಸು, ಒಂದು ಮಲೆನಾಡು ಗಿಡ್ಡ (ಊರ ಸಣ್ಣ ತಳಿ) ಇವೆ. ಸಗಣಿ ಗೊಬ್ಬರವನ್ನು ಅಡಿಕೆ ತೋಟದವರು ಟ್ರ್ಯಾಕ್ಟರ್ ಲೆಕ್ಕದಲ್ಲಿ ಒಯ್ಯುತ್ತಾರೆ. ಸೊಪ್ಪೆ (ತೆನೆ ಮುರಿದ ಮೇಲೆ ಉಳಿಯುವ ಒಣ ದಂಟು) ಸ್ವಲ್ಪ ದನಕ್ಕೆ, ಉಳಿದದ್ದನ್ನು ಸುಡುತ್ತೇವೆ. ಹಸು ಮಾರಿ, ಬೋರ್ ತೆಗೆಸಿ, ಅಡಿಕೆ ಹಾಕೋಣ ಎಂದು ಮಗ ಹಟ ಹಿಡಿದಿದ್ದಾನೆ. ಒಣಭೂಮಿ ಬೇಸಾಯದ ಮೇಲೆ ಹೈದರಾಬಾದ್ ಕಡೆ ದೊಡ್ಡ ಸಂಶೋಧನೆ ನಡೆದಿದೆಯಂತೆ. ಮಲೆನಾಡಿನ ಅಂಚಿನಲ್ಲಿರುವ ನಮಗೆ ಅದರಿಂದ ಏನಾದರೂ ಉಪಯೋಗ ಇದೆಯೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಡುವೆ ಒಂದು ಮಾತನ್ನು ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ, ಗೊಬ್ಬರ ತೋಟಕ್ಕೆ ಹೋಗುತ್ತದೆ ಅಂತ. ನನ್ನ ಉತ್ತರದ ಅರ್ಧ ಭಾಗ ಅಲ್ಲೇ ಇದೆ. ಅದಕ್ಕೆ ಬರುತ್ತೇನೆ. ಮೊದಲು ನೀವು ಕೇಳಿದ ಹೈದರಾಬಾದಿನ ವಿಷಯ.

ಶಿವಮೊಗ್ಗ ಜಿಲ್ಲೆ ಎಂದ ಕೂಡಲೇ ಹೊರಗಿನವರಿಗೆ ಆಗುಂಬೆ ನೆನಪಾಗುತ್ತದೆ. ಅಲ್ಲಿ ವರ್ಷಕ್ಕೆ 7000 ಮಿ.ಮೀ. ಮಳೆ. ಅದೇ ಜಿಲ್ಲೆಯ ನಿಮ್ಮ ಹೊಲಕ್ಕೆ ಸುಮಾರು 1000 ಇಟ್ಟುಕೊಳ್ಳಿ. ಕೃಷಿ ಪಠ್ಯಗಳಲ್ಲಿ ಒಂದು ಹಳೇ ವಿಂಗಡಣೆ ಇದೆ. 750 ಮಿ.ಮೀ.ಗಿಂತ ಕಡಿಮೆ ಬಿದ್ದರೆ ಒಣ ಬೇಸಾಯ, 750ರಿಂದ 1150ರವರೆಗೆ ಒಣಭೂಮಿ ಬೇಸಾಯ, ಅದಕ್ಕೂ ಮೇಲಿದ್ದರೆ ಮಳೆಯಾಶ್ರಿತ ಬೇಸಾಯ. ಅಂದರೆ ಪುಸ್ತಕದ ಪ್ರಕಾರವೇ ನೀವು ಒಣಭೂಮಿಯವರು. ರಾಜ್ಯವನ್ನು ಹತ್ತು ಕೃಷಿ ವಲಯಗಳಾಗಿ ಹಂಚಿದವರೂ ಶಿಕಾರಿಪುರವನ್ನು ಸಾಗರ, ಹೊಸನಗರ, ತೀರ್ಥಹಳ್ಳಿಗಳ ಗುಡ್ಡಗಾಡು ವಲಯಕ್ಕೆ ಸೇರಿಸಲಿಲ್ಲ. ಭದ್ರಾವತಿ, ಹೊನ್ನಾಳಿ, ಚನ್ನಗಿರಿಗಳ ಜೊತೆ ದಕ್ಷಿಣ ಪರಿವರ್ತನಾ ವಲಯದಲ್ಲಿ ಇಟ್ಟರು. ಹೆಸರು ಮಲೆನಾಡು, ಹೊಲದ ಬುದ್ಧಿ ಬಯಲುಸೀಮೆಯದು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆ ಆಯಿತಲ್ಲ, ಆಗ ‘ನಮಗೂ ಬರವಾ’ ಎಂದು ಆಶ್ಚರ್ಯಪಟ್ಟವರು ನಮ್ಮ ಕಡೆ ಬಹಳ ಜನ. ನನಗೆ ಅಷ್ಟೇನೂ ಆಶ್ಚರ್ಯ ಆಗಲಿಲ್ಲ.

ಈಗ ಸಂಶೋಧನೆ. ಒಣಭೂಮಿಯ ಅಧ್ಯಯನ ನಮ್ಮಲ್ಲಿ ಹೊಸದಲ್ಲ. ಬ್ರಿಟಿಷರ ಕಾಲದಲ್ಲೇ, 1933ರಲ್ಲಿ, ವಿಜಯಪುರದಲ್ಲಿ ಇದಕ್ಕೊಂದು ಕೇಂದ್ರ ಶುರುವಾಗಿತ್ತು. 1970ರಲ್ಲಿ ಅಖಿಲ ಭಾರತ ಮಟ್ಟದ ಒಣಭೂಮಿ ಯೋಜನೆ ಬಂತು. 1985ರಲ್ಲಿ ಹೈದರಾಬಾದಿನ ಸಂತೋಷನಗರದಲ್ಲಿ ಕೇಂದ್ರ ಒಣಭೂಮಿ ಕೃಷಿ ಸಂಶೋಧನಾ ಸಂಸ್ಥೆ, ಅಂದರೆ ಕ್ರೀಡಾ, ಆಯಿತು. ಅದಕ್ಕೂ ಮೊದಲು, 1972ರಲ್ಲಿ, ಹೈದರಾಬಾದಿನ ಹೊರಗೆ ಪಟಾನ್‌ಚೆರುವಿನಲ್ಲಿ ಒಣ ಪ್ರದೇಶದ ಬೆಳೆಗಳ ಅಂತಾರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಬಂದಿತ್ತು. ನಿಮ್ಮ ಕಿವಿಗೆ ಬಿದ್ದದ್ದು ಬಹುಶಃ ಇಕ್ರಿಸ್ಯಾಟ್‌ನ ಒಂದು ಜಲಾನಯನ ಪ್ರಯೋಗದ ಸುದ್ದಿ. 1976ರಲ್ಲಿ ಶುರು ಮಾಡಿ ದಶಕಗಳ ಕಾಲ ನಡೆಸಿದರು. ಒಂದು ಕಡೆ ರೈತರ ಹಳೇ ಪದ್ಧತಿ. ಇನ್ನೊಂದು ಕಡೆ ಅಗಲವಾದ ಏರು ಮಡಿ, ಪಕ್ಕದಲ್ಲಿ ನೀರು ಹರಿಯುವ ಸಾಲು, ಮುಂಗಾರಿಗೇ ಬಿತ್ತನೆ, ತೊಗರಿಯಂತಹ ಬೇಳೆಕಾಳಿನ ಜೊತೆ ಬೆಳೆ, ಅಳತೆಯ ಗೊಬ್ಬರ. ಹಳೇ ಪದ್ಧತಿಯಲ್ಲಿ ಹೆಕ್ಟೇರಿಗೆ ಸರಾಸರಿ ಒಂದು ಟನ್‌ಗೆ ಸ್ವಲ್ಪ ಮೇಲೆ ಕಾಳು ಬಂದರೆ, ಇದರಲ್ಲಿ ಐದು ಟನ್ ಬಂತು. ಕೊಚ್ಚಿಹೋಗುವ ಮಣ್ಣು ವರ್ಷಕ್ಕೆ ಹೆಕ್ಟೇರಿಗೆ ಆರು ಟನ್‌ಗೂ ಮೇಲಿದ್ದದ್ದು ಒಂದೂವರೆ ಟನ್ ಆಸುಪಾಸಿಗೆ ಇಳಿಯಿತು.

ಕೇಳಿದರೆ ಯಾರಿಗಾದರೂ ಆಸೆ ಆಗುತ್ತದೆ. ನನಗೂ ಆಗಿತ್ತು. ಕೆಲಸಕ್ಕೆ ಸೇರಿದ ಹೊಸತು, ಓದಿದ್ದೆಲ್ಲ ಹೊಲದಲ್ಲಿ ಮಾಡಿ ತೋರಿಸುವ ಹುಮ್ಮಸ್ಸು. ರಿಪ್ಪನ್‌ಪೇಟೆ ಹತ್ತಿರ ನಮ್ಮ ಮಾವನವರ ಒಂದೂವರೆ ಎಕರೆ ಕೆಂಪು ಹೊಲದಲ್ಲಿ ಆ ಏರು ಮಡಿಗಳನ್ನು ಮಾಡಿಸಿದೆ. ಆರಿದ್ರಾ ಮಳೆ ಒಂದೇ ರಾತ್ರಿ ಜೋರಾಗಿ ಹೊಡೆಯಿತು. ಬೆಳಗ್ಗೆ ಹೋಗಿ ನೋಡಿದರೆ ಮಡಿಯ ಅಂಚೆಲ್ಲ ಕುಸಿದು ಸಾಲು ತುಂಬಿತ್ತು, ಬೀಜದ ಒಂದು ಭಾಗ ಕೆಳಗಿನ ಗದ್ದೆಯಲ್ಲಿತ್ತು. ಮಾವ ಏನೂ ಅನ್ನಲಿಲ್ಲ. ಆ ವರ್ಷ ಪೂರ್ತಿ ಅವರು ನನ್ನೆದುರು ಬೇಸಾಯದ ಮಾತೇ ಎತ್ತಲಿಲ್ಲ, ಅದು ಬೈಗುಳಕ್ಕಿಂತ ಜಾಸ್ತಿ.

ಆಮೇಲೆ ಸರಿಯಾಗಿ ಓದಿದಾಗ ಗೊತ್ತಾಯಿತು. ಆ ಐದು ಟನ್ ಬಂದದ್ದು ಎರೆ ಮಣ್ಣಿನಲ್ಲಿ, ಅಂದರೆ ಆಳವಾದ ಕಪ್ಪು ಮಣ್ಣಿನಲ್ಲಿ. ಕೆಂಪು ಮಣ್ಣಿನಲ್ಲಿ ಆ ಮಡಿ ಕೆಲಸ ಮಾಡುವುದಿಲ್ಲ, ಇಳಿಜಾರಿಗೆ ಅಡ್ಡವಾಗಿ ಸಮತಟ್ಟು ಬಿತ್ತನೆಯೇ ಮೇಲು ಎಂದು ಇಕ್ರಿಸ್ಯಾಟ್‌ನವರೇ ಕಂಡುಕೊಂಡಿದ್ದರು. ನಾನು ಆ ಪುಟಕ್ಕೆ ಹೋಗಿರಲಿಲ್ಲ ಅಷ್ಟೆ. ಹಾಗಾಗಿ ಹೈದರಾಬಾದಿನದು ನಮಗೆ ಆಗುತ್ತದಾ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟು: ಅವರು ಕೇಳಿದ ಪ್ರಶ್ನೆ ಆಗುತ್ತದೆ, ಅವರ ಮಡಿ ಆಗುವುದಿಲ್ಲ. ಬಿದ್ದ ಮಳೆಯಲ್ಲಿ ಎಷ್ಟು ಹೊಲದಲ್ಲೇ ನಿಂತಿತು, ತೆಗೆದ ಬೆಳೆಯಲ್ಲಿ ಎಷ್ಟು ಹೊಲಕ್ಕೆ ವಾಪಸ್ ಹೋಯಿತು ಅನ್ನುವುದು ಅವರ ಪ್ರಶ್ನೆ. ಉತ್ತರವನ್ನು ನಮ್ಮ ಮಣ್ಣಿನಲ್ಲೇ ಹುಡುಕಬೇಕು.

ನಿಮಗೆ ಹತ್ತಿರದ ಉತ್ತರ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣ ಜಿಕೆವಿಕೆಯಲ್ಲಿದೆ. ಅಲ್ಲಿಯದು ಕೆಂಪು ಮಣ್ಣು. 1978ರಿಂದ ಒಂದೇ ಜಾಗದಲ್ಲಿ ಮಳೆಯಾಶ್ರಿತ ರಾಗಿ ಬೆಳೆದು, ಒಂದೊಂದು ತುಂಡಿಗೆ ಒಂದೊಂದು ಬಗೆಯ ಗೊಬ್ಬರ ಹಾಕಿ ನೋಡುತ್ತ ಬಂದಿದ್ದಾರೆ. ಚೀಲದ ಗೊಬ್ಬರ ಒಂದನ್ನೇ ಪೂರ್ತಿ ಪ್ರಮಾಣದಲ್ಲಿ ಹಾಕಿದ ತುಂಡುಗಳಲ್ಲಿ ಇಳುವರಿ ಮೊದಲು ಚೆನ್ನಾಗಿದ್ದು, ವರ್ಷ ಕಳೆದಂತೆ ಇಳಿಯಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ಚೀಲದ್ದನ್ನೂ ಹಾಕಿದ ಕಡೆ ಇಳುವರಿ ಉಳಿದುಕೊಂಡಿತು. ಕೊಟ್ಟಿಗೆ ಗೊಬ್ಬರ ಇದ್ದ ಕಡೆ ಚೀಲದ್ದನ್ನು ಅರ್ಧಕ್ಕೆ ಇಳಿಸಿದರೂ ಬೆಳೆ ಹೆಚ್ಚು ಹಿಂದೆ ಬೀಳಲಿಲ್ಲ. ಬರೀ ಕೊಟ್ಟಿಗೆ ಗೊಬ್ಬರವೇ ಸಾಕು ಎಂದು ಈ ಪ್ರಯೋಗ ಹೇಳುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಎರಡೂ ಕೂಡಿದಾಗ ಮಾತ್ರ ಪೂರ್ತಿ ಫಲ. ನಿಮ್ಮ ಹನ್ನೆರಡು ವರ್ಷದ ಕಥೆಗೂ ಆ ಇಳಿಯುವ ತುಂಡಿನ ಕಥೆಗೂ ವ್ಯತ್ಯಾಸ ಕಡಿಮೆ, ಅಲ್ವಾ?

ಇಳುವರಿ ಯಾಕೆ ಇಳಿಯುತ್ತದೆ? ನಿಮ್ಮ ನಾಲ್ಕು ಚೀಲದ ಲೆಕ್ಕವನ್ನೇ ಹಾಕೋಣ. ಎರಡು ಚೀಲ ಡಿಎಪಿ ಅಂದರೆ 100 ಕೆಜಿ. ಅದರಲ್ಲಿ 46 ಕೆಜಿ ರಂಜಕ, 18 ಕೆಜಿ ಸಾರಜನಕ. ಯೂರಿಯಾ ಚೀಲ ಈಗ 45 ಕೆಜಿಯದು, ಎರಡರಿಂದ ಸಾರಜನಕ 41 ಕೆಜಿ. ಒಟ್ಟು ಸಾರಜನಕ 59, ರಂಜಕ 46, ಪೊಟ್ಯಾಷ್ ಸೊನ್ನೆ. ಮಳೆಯಾಶ್ರಿತ ಗೋವಿನಜೋಳಕ್ಕೆ ನಮ್ಮ ವಲಯದ ಶಿಫಾರಸು ಎಕರೆಗೆ ಸುಮಾರು 40 ಸಾರಜನಕ, 20 ರಂಜಕ, 10 ಪೊಟ್ಯಾಷ್. ಅಂದರೆ ರಂಜಕ ಎರಡು ಪಟ್ಟಿಗಿಂತ ಜಾಸ್ತಿ ಹೋಗುತ್ತಿದೆ. ಜಾಸ್ತಿ ಹಾಕಿದರೆ ಮಣ್ಣಿನಲ್ಲೇ ಇರುತ್ತದೆ ಬಿಡಿ ಅನ್ನುತ್ತೀರೇನೋ. ಇರುತ್ತದೆ, ಆದರೆ ನಮ್ಮ ಕೆಂಪು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದು ಕೂರುತ್ತವೆ. ಬೆಳೆಗೆ ಸಿಗುವುದು ಸ್ವಲ್ಪವೇ. ಮೇಲಾಗಿ ರಂಜಕ ಅತಿಯಾದರೆ ಗಿಡಕ್ಕೆ ಸತು, ಅಂದರೆ ಜಿಂಕ್, ಸಿಗುವುದು ಕಷ್ಟ. ಈ ಸಲ ಬಿತ್ತಿದ ಮೂರು ನಾಲ್ಕು ವಾರಕ್ಕೆ ಹೊಲ ಸುತ್ತಿ ನೋಡಿ. ಎಳೆ ಎಲೆಯ ನಡುನರದ ಎರಡೂ ಕಡೆ ಬಿಳಿಚಿದ ಪಟ್ಟಿ ಕಂಡರೆ ಅದು ಜಿಂಕ್ ಕೊರತೆ.

2009ರಲ್ಲಿ ರಾಜ್ಯ ಸರ್ಕಾರ ಇಕ್ರಿಸ್ಯಾಟ್ ಜೊತೆ ಸೇರಿ ಭೂಚೇತನ ಎಂಬ ಯೋಜನೆ ಶುರು ಮಾಡಿದ್ದು ನೆನಪಿರಬಹುದು. ರೈತ ಸಂಪರ್ಕ ಕೇಂದ್ರದಲ್ಲಿ ಜಿಂಕ್, ಬೋರಾನ್, ಜಿಪ್ಸಂ ಕೊಡುತ್ತಿದ್ದರು. ಅದರ ಬೇರು ಮಣ್ಣು ಪರೀಕ್ಷೆ. ಜಿಲ್ಲೆ ಜಿಲ್ಲೆಯ ಮಣ್ಣು ತೆಗೆದು ನೋಡಿದಾಗ ಗಂಧಕ, ಜಿಂಕ್, ಬೋರಾನ್ ಎಷ್ಟೋ ಹೊಲಗಳಲ್ಲಿ ಕಡಿಮೆ ಇತ್ತು. ಎಷ್ಟೋ ಜನ ಆ ಪುಟ್ಟ ಪೊಟ್ಟಣಗಳನ್ನು ತಂದು ಅಟ್ಟದ ಮೇಲೆ ಇಟ್ಟರು. ಮೂರು ವರ್ಷಕ್ಕೊಮ್ಮೆ ಎಕರೆಗೆ 10 ಕೆಜಿ ಜಿಂಕ್ ಸಲ್ಫೇಟ್ ಹಾಕಿದರೆ ಸಾಕಾಗುವ ಕೆಲಸ ಅದು. ಡಿಎಪಿ ಜೊತೆ ಕಲಸಿ ಮಾತ್ರ ಹಾಕಬೇಡಿ. ಬೋರಾನ್‌ನ ಮಾತು ಬೇರೆ. ಬೇಕಾದ್ದಕ್ಕೂ ವಿಷವಾಗುವುದಕ್ಕೂ ನಡುವೆ ಅಂತರ ಕಡಿಮೆ. ಪರೀಕ್ಷೆಯಲ್ಲಿ ಕೊರತೆ ಕಾಣದೆ ಅದರ ಸುದ್ದಿಗೆ ಹೋಗಬೇಡಿ.

ಪೊಟ್ಯಾಷ್ ಎಲ್ಲಿ ಹೋಯಿತು? ಗೋವಿನಜೋಳ ಮಣ್ಣಿನಿಂದ ಎಳೆದ ಪೊಟ್ಯಾಷಿನ ಹೆಚ್ಚು ಪಾಲು ಕಾಳಿನಲ್ಲಿ ಇರುವುದಿಲ್ಲ, ಸೊಪ್ಪೆಯಲ್ಲಿ ಇರುತ್ತದೆ. ಒಂದು ಟನ್ ಸೊಪ್ಪೆಯಲ್ಲಿ 10 ಕೆಜಿಗೂ ಮೇಲೆ. ಅದನ್ನು ರಾಶಿ ಹಾಕಿ ಸುಟ್ಟರೆ ಸಾರಜನಕ, ಗಂಧಕ ಹೊಗೆಯಲ್ಲಿ ಹೋಗುತ್ತವೆ. ಪೊಟ್ಯಾಷ್ ಬೂದಿಯಲ್ಲಿ ಉಳಿಯುತ್ತದೆ, ಆದರೆ ಹೊಲದ ಒಂದು ಮೂಲೆಯಲ್ಲಿ. ಸುಟ್ಟ ಜಾಗದಲ್ಲಿ ಮುಂದಿನ ವರ್ಷ ಬೆಳೆ ಕಡು ಹಸಿರಾಗಿ ಬರುವುದನ್ನು ನೀವೇ ನೋಡಿರುತ್ತೀರಿ. ನಾಲ್ಕು ಎಕರೆಯ ಸತ್ವ ಒಂದು ಕಣದಷ್ಟು ಜಾಗದಲ್ಲಿ ಕೂತಿದೆ ಅಂತ ಅರ್ಥ.

ದನ ತಿಂದ ಸೊಪ್ಪೆಯ ಪೊಟ್ಯಾಷ್ ಗೋಮೂತ್ರದಲ್ಲಿ ಹೊರಬರುತ್ತದೆ. ದನ ಹೊರಹಾಕುವ ಸಾರಜನಕದಲ್ಲೂ ಸುಮಾರು ಅರ್ಧ ಮೂತ್ರದಲ್ಲೇ. ಈಗ ನಿಮ್ಮ ಕೊಟ್ಟಿಗೆಗೆ ಹೋಗಿ ನಿಂತು ನೋಡಿ, ಮೂತ್ರ ಎಲ್ಲಿಗೆ ಹರಿಯುತ್ತದೆ? ಸಿಮೆಂಟ್ ನೆಲ ಇದ್ದರೆ ಚರಂಡಿಗೆ, ಮಣ್ಣಿನ ನೆಲ ಇದ್ದರೆ ಅಲ್ಲೇ ಇಂಗಿ. ಸಾಗರ, ತೀರ್ಥಹಳ್ಳಿ ಕಡೆಯವರು ಈ ವಿಷಯದಲ್ಲಿ ಜಾಣರು. ಸೊಪ್ಪಿನ ಬೆಟ್ಟದಿಂದ ಹಸಿ ಸೊಪ್ಪು, ಬೇಸಿಗೆಯಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ತಂದು ದನದ ಕಾಲಡಿ ಹಾಸುತ್ತಾರೆ. ಅದು ಮೂತ್ರವನ್ನೆಲ್ಲ ಹೀರಿಕೊಂಡು ಗೊಬ್ಬರಗುಂಡಿಗೆ ಹೋಗುತ್ತದೆ. ಇದನ್ನು ಯಾವ ವಿಜ್ಞಾನಿಯೂ ಅವರಿಗೆ ಹೇಳಿಕೊಟ್ಟದ್ದಲ್ಲ. ನಿಮಗೆ ಬೆಟ್ಟ ಇಲ್ಲ, ಆದರೆ ಸುಡುವ ಸೊಪ್ಪೆ ಇದೆ. ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟು, ದನ ತಿನ್ನುವುದು ತಿನ್ನಲಿ, ಬಿಟ್ಟ ದಪ್ಪ ದಂಟನ್ನು ಹಾಸಿ.

ಗೊಬ್ಬರದ ಪ್ರಮಾಣವನ್ನೂ ಲೆಕ್ಕ ಹಾಕಿಬಿಡೋಣ. ಎಚ್‌ಎಫ್ ಹಸುವೊಂದು ದಿನಕ್ಕೆ 15–20 ಕೆಜಿ ಸಗಣಿ ಹಾಕುತ್ತದೆ, ಗಿಡ್ಡ ಐದಾರು ಕೆಜಿ. ಮೂರರಿಂದ ವರ್ಷಕ್ಕೆ 13–17 ಟನ್ ಹಸಿ ಸಗಣಿ. ಹಾಸು ಸೇರಿ, ಕೊಳೆತು, ತೂಕ ಇಳಿದು, ಕೈಗೆ ಸಿಗುವ ಗೊಬ್ಬರ ಐದಾರು ಟನ್. ಜಿಕೆವಿಕೆಯ 10 ಟನ್ ಹೆಕ್ಟೇರಿಗೆ, ಅಂದರೆ ಎಕರೆಗೆ 4 ಟನ್. ನಿಮ್ಮ ಮೂರು ದನದ ಗೊಬ್ಬರ ವರ್ಷಕ್ಕೆ ಒಂದು, ಹೆಚ್ಚೆಂದರೆ ಒಂದೂವರೆ ಎಕರೆಗೆ ಸರಿಯಾಗುತ್ತದೆ. ಆದ್ದರಿಂದ ನಾಲ್ಕೂ ಎಕರೆಗೆ ಉಪ್ಪಿನಕಾಯಿಯಂತೆ ಹಂಚಬೇಡಿ. ವರ್ಷಕ್ಕೊಂದು ಎಕರೆ ಹಿಡಿಯಿರಿ. ತೀರಾ ಬಡವಾದ ಎಕರೆಯಿಂದ ಶುರು ಮಾಡಿ, ಪಕ್ಕದ ಎಕರೆಯ ಬೆಳೆಯನ್ನು ಕಣ್ಣಳತೆಯಲ್ಲೇ ಹೋಲಿಸಿ ನೋಡಿ. ಮಗನ ಜೊತೆ ವಾದ ಮಾಡುವುದಕ್ಕಿಂತ ಇದು ಸುಲಭ.

ಬಯಲಿನ ಗೊಬ್ಬರ ತೋಟಕ್ಕೆ ಹೋಗುವ ಈ ವ್ಯಾಪಾರದ ಮೇಲೆ ನನಗೆ ಮೊದಲಿಂದಲೂ ಸಿಟ್ಟಿದೆ. ತೋಟದವರ ಮೇಲಲ್ಲ. ಅವರು ಬೆಲೆ ಗೊತ್ತಿದ್ದು ಕೊಳ್ಳುತ್ತಾರೆ, ನಾವು ಬೆಲೆ ಗೊತ್ತಿಲ್ಲದೆ ಮಾರುತ್ತೇವೆ. ಆ ದುಡ್ಡಲ್ಲಿ ಡಿಎಪಿ ತರುತ್ತೇವೆ. ತಿಪ್ಪೆ ಖಾಲಿ, ಅಂಗಡಿಯಲ್ಲಿ ಸಾಲ.

ಗೊಬ್ಬರದ್ದು ಸಾಕು, ಇನ್ನು ನೀರು. ಒಂದು ಎಕರೆಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಸುಮಾರು 4000 ಲೀಟರ್. 1000 ಮಿ.ಮೀ. ಅಂದರೆ ಎಕರೆಗೆ 40 ಲಕ್ಷ ಲೀಟರ್. ಗೋವಿನಜೋಳಕ್ಕೆ ಇಡೀ ಹಂಗಾಮಿಗೆ ಬೇಕಾದದ್ದು ಅದರ ಅರ್ಧದ ಆಸುಪಾಸು. ಲೆಕ್ಕಕ್ಕೆ ನೀರು ಕಡಿಮೆ ಇಲ್ಲ. ತೊಂದರೆ ಎರಡು. ಒಂದು, ಬರುವುದು ಒಟ್ಟೊಟ್ಟಿಗೆ. ಎರಡು, ಕೆಂಪು ಮಣ್ಣಿನ ಮೈ. ಸಾವಯವ ಅಂಶ ಕಡಿಮೆಯಾದ ಕೆಂಪು ಮಣ್ಣಿನ ಮೇಲೆ ದಪ್ಪ ಹನಿ ಬಿದ್ದರೆ ಹೆಂಟೆ ಒಡೆದು ಪುಡಿಯಾಗಿ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚುತ್ತದೆ. ಒಣಗಿದಾಗ ಹಪ್ಪಳದಂತೆ ಹೆಪ್ಪುಗಟ್ಟುತ್ತದೆ. ಮುಂದಿನ ಮಳೆ ಅದರ ಮೇಲೆ ಜಾರಿ ಹಳ್ಳ ಸೇರುತ್ತದೆ. ರೋಟವೇಟರ್ ಹೊಡೆದು ಹಿಟ್ಟಿನಂತೆ ಮಾಡಿದ ಹೊಲದಲ್ಲಿ ಇದು ಇನ್ನೂ ಜಾಸ್ತಿ. ನೋಡಲು ಚೆಂದ ಅಂತ ಎರಡೆರಡು ಸಲ ಹೊಡೆಸುತ್ತಾರೆ, ನನಗಂತೂ ಆ ಚೆಂದ ಅರ್ಥವಾಗಿಲ್ಲ. ಮಾಗಿ ಉಳುಮೆ ಮಾಡಿ, ಬಿತ್ತನೆಗೆ ಮುಂಚೆ ಒಮ್ಮೆ ಕುಂಟೆ ಹೊಡೆದರೆ ಸಾಕು. ಹೆಂಟೆ ಸ್ವಲ್ಪ ಉಳಿಯಲಿ.

ಬಿತ್ತನೆ ಇಳಿಜಾರಿಗೆ ಅಡ್ಡ ಇರಲಿ. ಟ್ರ್ಯಾಕ್ಟರ್ ಚಾಲಕ ಉದ್ದ ಸಿಗುವ ಕಡೆಗೇ ಹೊಡೆಯುತ್ತಾನೆ, ಅವನಿಗೆ ತಿರುವು ಕಡಿಮೆ ಆಗಬೇಕು. ನೀವು ಬದುವಿನ ಮೇಲೆ ನಿಂತು ಹೇಳಬೇಕು. ಬಿತ್ತಿದ ಮೇಲೆ ಅಷ್ಟಷ್ಟು ಸಾಲಿಗೊಂದು ಆಳದ ಸಾಲು ತೆಗೆಸಿ. ಆದರೆ ಇಲ್ಲಿ ಒಂದು ಎಚ್ಚರಿಕೆ. ಚಳ್ಳಕೆರೆ, ಹಿರಿಯೂರಿನಲ್ಲಿ ಆ ಸಾಲಿನ ಕೆಲಸ ನೀರು ನಿಲ್ಲಿಸುವುದು ಮಾತ್ರ. ನಮ್ಮಲ್ಲಿ ಪುನರ್ವಸು, ಪುಷ್ಯದಲ್ಲಿ ಹತ್ತು ದಿನ ಬಿಡದೆ ಹಿಡಿದರೆ ಬೇರು ಕೊಳೆಯುತ್ತದೆ. ಹಾಗಾಗಿ ಸಾಲಿಗೆ ತೀರಾ ಸಣ್ಣ ಇಳಿಜಾರು ಕೊಟ್ಟು, ಹೆಚ್ಚಾದದ್ದು ನಿಧಾನವಾಗಿ ಒಂದು ಮೂಲೆಗೆ ಹೋಗುವಂತೆ ಮಾಡಬೇಕು. ಆ ಮೂಲೆಯಲ್ಲೇ ಕೃಷಿ ಹೊಂಡ. ನಮ್ಮ ವಲಯದ ಫಜೀತಿಯೇ ಇದು. ಜುಲೈನಲ್ಲಿ ನೀರು ಹೊರಹಾಕಬೇಕು, ಆಗಸ್ಟ್‌ನಲ್ಲಿ ಅದೇ ನೀರು ಬೇಕು.

‘ಮಖೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು’ ಅನ್ನುತ್ತಾರಲ್ಲ. ಅದನ್ನು ಬಿತ್ತನೆ ದಿನದ ಜೊತೆ ಇಟ್ಟು ನೋಡಿ. ಜೂನ್ ಮಧ್ಯದಲ್ಲಿ ಬಿತ್ತಿದ ಗೋವಿನಜೋಳ 55–60 ದಿನಕ್ಕೆ ಸೂಲಂಗಿ, ಅಂದರೆ ತುದಿಯ ಗಂಡು ಹೂ, ಬಿಡುತ್ತದೆ. ಅದು ಆಶ್ಲೇಷ ಮುಗಿದು ಮಖೆ ಕೂಡುವ ಹೊತ್ತು. ಸೂಲಂಗಿ ಬಿಟ್ಟು ತೆನೆಯ ಕೂದಲು ಹೊರಬರುವ ಆ ಎರಡು ವಾರ ನೀರು ತಪ್ಪಿದರೆ ತೆನೆಯಲ್ಲಿ ಕಾಳು ಕೂರುವುದಿಲ್ಲ. ಮೊದಲು ಎಷ್ಟು ಸೊಂಪಾಗಿದ್ದರೂ ಅಷ್ಟೆ, ಆಮೇಲೆ ಎಷ್ಟು ಸುರಿದರೂ ಅಷ್ಟೆ. ಒಣಭೂಮಿ ವಿಜ್ಞಾನಿಗಳು ಸಂದಿಗ್ಧ ಹಂತದ ನೀರಾವರಿ ಎಂದು ಏನು ಹೇಳುತ್ತಾರೋ ಅದು ಈ ಗಾದೆಯಲ್ಲೇ ಇದೆ. ಆಗ ಎಕರೆಗೆ 25 ಮಿ.ಮೀ. ನೀರು ಕೊಟ್ಟರೆ ಬೆಳೆ ಬದುಕುತ್ತದೆ. ಅಂದರೆ ಒಂದು ಲಕ್ಷ ಲೀಟರ್. ಹನ್ನೆರಡು ಮೀಟರ್ ಚೌಕ, ಮೂರು ಮೀಟರ್ ಆಳ, ಇಳಿಜಾರು ಗೋಡೆಯ ಹೊಂಡ ತುಂಬಿದರೆ ಎರಡೂವರೆ ಲಕ್ಷ ಲೀಟರ್ ಹಿಡಿಯುತ್ತದೆ. ಆವಿಯಾಗಿ ಹೋಗುವುದನ್ನು ಬಿಟ್ಟರೂ ಎರಡು ಎಕರೆಗೆ ಒಂದು ಸಲ ಸಿಕ್ಕಿತು. ಕೆಂಪು ಮಣ್ಣಿನಲ್ಲಿ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸದಿದ್ದರೆ ನೀರು ನಿಲ್ಲುವುದಿಲ್ಲ. ಸುತ್ತ ಬೇಲಿ ಖಂಡಿತ ಹಾಕಿಸಿ, ಹಾಳೆ ಹಾಸಿದ ಹೊಂಡಕ್ಕೆ ಬಿದ್ದ ಮಗು ಹತ್ತಿ ಬರಲಾರದು.

ಇದೇ ಲೆಕ್ಕವನ್ನು ಅಡಿಕೆಗೆ ಹಾಕಿ ಮಗನಿಗೆ ತೋರಿಸಿ. ಎಕರೆಗೆ ಸುಮಾರು 550 ಗಿಡ. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲೂ ಮರಕ್ಕೆ ದಿನಕ್ಕೆ 16–20 ಲೀಟರ್ ಬೇಕು. ದಿನಕ್ಕೆ ಹತ್ತು ಸಾವಿರ ಲೀಟರ್. ನಾಲ್ಕು ತಿಂಗಳ ಬೇಸಿಗೆಗೆ ಹನ್ನೆರಡು ಲಕ್ಷ. ಗೋವಿನಜೋಳ ಒಂದು ವರ್ಷ ಹೋದರೆ ಒಂದು ವರ್ಷದ ನಷ್ಟ. ಅಡಿಕೆ ಆರನೇ ವರ್ಷ ಫಲಕ್ಕೆ ಬರುವ ಹೊತ್ತಿಗೆ ಬೋರ್ ಬತ್ತಿದರೆ ಆರು ವರ್ಷದ್ದು ಹೋಯಿತು. ಮೇಲೆ ಈಗ ಎಲೆಚುಕ್ಕಿ ರೋಗ ಹಳೇ ತೋಟದವರನ್ನೇ ಅಲ್ಲಾಡಿಸಿದೆ. ನಿಮ್ಮ ಮಗ ತಪ್ಪು ಅನ್ನುತ್ತಿಲ್ಲ. ಸುತ್ತ ಎಲ್ಲರ ಹೊಲ ತೋಟವಾಗುತ್ತಿರುವಾಗ ಅವನಿಗೆ ಹಾಗನಿಸುವುದು ಸಹಜ. ಆದರೆ ಎಲ್ಲರೂ ಅದೇ ಭೂಮಿಯ ಅಡಿಯಿಂದಲೇ ಎಳೆಯುತ್ತಿದ್ದಾರೆ. ಹಾಕಲೇಬೇಕು ಅಂದರೆ ಅರ್ಧ ಎಕರೆಗೆ ಮೊದಲು ನೋಡಲಿ, ಅದೂ ಹೊಂಡ, ಬದು ಎಲ್ಲ ಆದ ಮೇಲೆ.

ಹಸುಗಳ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಪಕ್ಷವೂ ಅಲ್ಲ. ಎರಡು ಎಚ್‌ಎಫ್‌ಗೆ ಹಸಿ ಮೇವು, ಹಿಂಡಿ ಎಲ್ಲ ಕೊಂಡು ತರುತ್ತಿದ್ದರೆ ಒಂದನ್ನು ಮಾರುವುದು ತಪ್ಪಲ್ಲ. ಗಿಡ್ಡವನ್ನು ಮಾರಬೇಡಿ. ಹಾಲು ಒಂದೆರಡು ಲೀಟರ್ ಇರಬಹುದು, ಆದರೆ ಮಲೆನಾಡಿನ ಮಳೆ, ಉಣ್ಣೆ ಹುಳದ ಕಾಟ, ಬಡ ಮೇವು ಎಲ್ಲವನ್ನೂ ತಡೆದು ನಿಂತ ತಳಿ ಅದು. ಮನೆಯ ಖರ್ಚಿಗೆ ಕೈ ಹಾಕದೆ ಬದುಕುತ್ತದೆ. ಸೊಪ್ಪೆಯನ್ನು ಹಾಗೇ ಹಾಕಿದರೆ ಅದರಲ್ಲಿ ಸಾರ ಕಡಿಮೆ. ನೂರು ಕೆಜಿ ಕತ್ತರಿಸಿದ ಒಣ ಸೊಪ್ಪೆಗೆ 4 ಕೆಜಿ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಕರಗಿಸಿ ಚಿಮುಕಿಸಿ, ತುಳಿದು ಗಾಳಿಯಾಡದಂತೆ ಮುಚ್ಚಿ, 21 ದಿನ ಬಿಟ್ಟರೆ ಮೇವು ಮೆತ್ತಗಾಗುತ್ತದೆ, ಸಸಾರಜನಕ (ಪ್ರೋಟೀನ್) ಏರುತ್ತದೆ. ತೆಗೆದು ಸ್ವಲ್ಪ ಹೊತ್ತು ಗಾಳಿಗೆ ಹರಡಿ ವಾಸನೆ ಹೋದ ಮೇಲೆ ಕೊಡಿ. ನಾಲ್ಕು ಅಂದರೆ ನಾಲ್ಕೇ, ಕೈ ಅಳತೆ ಬೇಡ. ಆರು ತಿಂಗಳೊಳಗಿನ ಕರುಗಳಿಗೆ ಕೊಡಲೇಬಾರದು. ಮೊದಲ ಸಲ ಮಾಡುವಾಗ ಪಶುವೈದ್ಯರೊಬ್ಬರನ್ನು ಕೇಳಿ ಮಾಡಿ. ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಬದುವಿನ ಮೇಲೆ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ, ನೆಟ್ಟುಬಿಡಿ. ಮಳೆಗಾಲದಲ್ಲಿ ರೆಂಬೆ ಊರಿದರೆ ಬರುತ್ತದೆ. ಎರಡನೇ ವರ್ಷದಿಂದ ಹೊಲಕ್ಕೆ ಸೊಪ್ಪು.

ಇನ್ನು ಬೆಳೆ. ಹನ್ನೆರಡು ವರ್ಷ ಒಂದೇ ಬೆಳೆ ಅಂದರೆ ಹುಳಕ್ಕೂ ಹನ್ನೆರಡು ವರ್ಷ ಒಂದೇ ಊಟದ ಮನೆ. ಅಮೆರಿಕದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು ಎಲ್ಲಿ ಗೊತ್ತಲ್ಲ? 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಗೋವಿನಜೋಳದ ಹೊಲದಲ್ಲಿ. ಗುರುತಿಸಿದವರು ನವಿಲೆಯ ನಮ್ಮ ಕೃಷಿ ವಿಶ್ವವಿದ್ಯಾಲಯದ ಕೀಟ ವಿಜ್ಞಾನಿಗಳೇ. ಸುಳಿಯೊಳಗೆ ಕೂತು ತಿನ್ನುವ ಆ ಹುಳಕ್ಕೆ ವರ್ಷ ವರ್ಷ ಬರೀ ಗೋವಿನಜೋಳ ಸಿಕ್ಕರೆ ಅದು ಯಾಕೆ ಹೋಗುತ್ತದೆ?

ಗೊಬ್ಬರ ಹಾಕುವ ಆ ಒಂದು ಎಕರೆಯಲ್ಲಿ ಈ ವರ್ಷ ರಾಗಿ, ತೊಗರಿ ಹಾಕಿ ನೋಡಿ. ಜಿಕೆವಿಕೆಯವರದ್ದೇ ಪದ್ಧತಿ: ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಆ ಎರಡು ತೊಗರಿ ಸಾಲಿನ ನಡುವೆ ನೀರಿಂಗುವ ಒಂದು ಆಳದ ಸಾಲು. ನಮ್ಮ ಹಿರಿಯರ ಅಕ್ಕಡಿ ಸಾಲನ್ನೇ ಅಳತೆ ಹಾಕಿ ಕೂರಿಸಿದ್ದು. ತೊಗರಿಯ ಒಂದು ಗುಣ ನನಗೆ ಬಹಳ ಇಷ್ಟ. ಕೆಂಪು ಮಣ್ಣಿನ ಕಬ್ಬಿಣ ರಂಜಕವನ್ನು ಹಿಡಿದು ಕೂರುತ್ತದೆ ಅಂದೆನಲ್ಲ. ತೊಗರಿ ಬೇರು ಪಿಸಿಡಿಕ್ ಎಂಬ ಆಮ್ಲ ಬಿಟ್ಟು ಆ ಹಿಡಿತವನ್ನು ಸಡಿಲಿಸಿಕೊಂಡು ರಂಜಕ ತಿನ್ನುತ್ತದೆ. ಇದು 1990ರಲ್ಲಿ ಪಟಾನ್‌ಚೆರುವಿನ ಕೆಲಸದಿಂದ ಜಗತ್ತಿಗೆ ತಿಳಿದದ್ದು. ಉದುರುವ ಎಲೆಯ ಮೂಲಕ ಅದರಲ್ಲಿ ಒಂದಿಷ್ಟು ಮುಂದಿನ ಬೆಳೆಗೂ ಸಿಗುತ್ತದೆ. ನೀವು ವರ್ಷಗಟ್ಟಲೆ ಸುರಿದ ಡಿಎಪಿ ನೆಲದೊಳಗೆ ಬೀಗ ಹಾಕಿಕೊಂಡು ಕೂತಿದೆ, ಬೀಗದ ಕೈ ತೊಗರಿ ಹತ್ತಿರ ಇದೆ. ಆದರೆ ತೊಗರಿಗೆ ಕಾಲಡಿ ನೀರು ನಿಂತರೆ ಆಗದು. ತಗ್ಗಿನ ಎಕರೆಗೆ ಹಾಕಬೇಡಿ, ಮೇಲಿನದಕ್ಕೆ ಹಾಕಿ.

ರಾಗಿಗೆ ಜಿಪಿಯು-28 ಸಾಕು, ಬೆಂಕಿ ರೋಗ ತಡೆಯುತ್ತದೆ, ಕಾಳೂ ಬರುತ್ತದೆ. ಕೂರಿಗೆಯಲ್ಲಿ ಬಿತ್ತುವ ಬದಲು ಪಕ್ಕದ ಹಾವೇರಿಯವರ ಗುಳಿ ರಾಗಿ ಮಾಡುವ ತಾಳ್ಮೆ ಇದ್ದರೆ ಇನ್ನೂ ಒಳ್ಳೆಯದು. ಚೌಕವಾಗಿ ಗುಳಿ ಗುರುತು ಮಾಡಿ, ಹಿಡಿ ಗೊಬ್ಬರ ಹಾಕಿ, ಸಸಿ ನಾಟಿ ಮಾಡಿ, ಕೆಲ ದಿನಕ್ಕೆ ಮೇಲೆ ಕೊರಡು ಎಳೆಯುತ್ತಾರೆ. ಸಸಿ ಬಾಗಿ ನೋವುಂಡು ತೆಂಡೆ, ಅಂದರೆ ಬುಡದ ಮರಿ ದಂಟು, ಜಾಸ್ತಿ ಒಡೆಯುತ್ತದೆ. ಮೊದಲ ಸಲ ನೋಡಿದಾಗ ಬೆಳೆ ಹಾಳು ಮಾಡುತ್ತಿದ್ದಾರೆ ಅನಿಸಿತ್ತು ನನಗೆ. ಮುಂಗಾರು ತಡವಾಗಿ, ಗೋವಿನಜೋಳ ಬಿತ್ತುವ ಕಾಲ ಮೀರಿದ ವರ್ಷವೂ ನಾಟಿ ರಾಗಿ ಕೈಬಿಡುವುದಿಲ್ಲ. ಅದೂ ತಪ್ಪಿದರೆ ಹುರುಳಿ ಇದ್ದೇ ಇದೆ.

ಇಷ್ಟೆಲ್ಲ ಓದಿ ಎಲ್ಲಿಂದ ಶುರು ಅನ್ನುತ್ತೀರಿ. ಬೇಸಿಗೆಯಲ್ಲಿ, ಗೊಬ್ಬರ ಹಾಕುವ ಮೊದಲು, ಮಣ್ಣು ತೆಗೆಯಿರಿ. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಹತ್ತು ಹದಿನೈದು ಕಡೆ ಆರು ಇಂಚು ಆಳದ ಗುಂಡಿ ತೋಡಿ, ಗೋಡೆಯ ಉದ್ದಕ್ಕೂ ತೆಳುವಾಗಿ ಕೆತ್ತಿ ತೆಗೆದು, ಎಲ್ಲ ಕಲಸಿ, ಅರ್ಧ ಕೆಜಿ ಉಳಿಸಿ. ತಿಪ್ಪೆ ಇದ್ದ ಜಾಗ, ಮರದ ಬುಡ, ಸೊಪ್ಪೆ ಸುಟ್ಟ ಮೂಲೆ ಬಿಡಿ. ಮೇಲಿನ ಎಕರೆ, ತಗ್ಗಿನ ಎಕರೆಗಳದ್ದು ಬೇರೆ ಬೇರೆ ಇರಲಿ. ಶಿವಮೊಗ್ಗದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ರೈತ ಸಂಪರ್ಕ ಕೇಂದ್ರದ ಮೂಲಕ ಕೊಡಿ. ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಷ್) ಮಾತ್ರ ಸಾಲದು, ಜಿಂಕ್, ಬೋರಾನ್, ಗಂಧಕ ಸಹ ನೋಡಿ ಎಂದು ಬಾಯಿಬಿಟ್ಟು ಕೇಳಿ. ಅದೇ ವಾರ ತೋಟದವರಿಗೆ ಈ ವರ್ಷ ಗೊಬ್ಬರ ಇಲ್ಲ ಎಂದು ಹೇಳಿಬಿಡಿ. ಗೊಬ್ಬರಗುಂಡಿಗೆ ನೆರಳು ಮಾಡಿ, ಮೇಲೆ ಮಣ್ಣು ಮುಚ್ಚಿ.

ಪರೀಕ್ಷೆಯ ಚೀಟಿ ಬಂದ ಮೇಲೆ ನನಗೆ ಬರೆಯಿರಿ. ಸಾವಯವ ಇಂಗಾಲ ಶೇ. 0.5ಕ್ಕಿಂತ ಕೆಳಗಿದ್ದರೆ ಹೇಳಿದ್ದನ್ನೇ ಮುಂದುವರಿಸಿ. ರಸಸಾರ (ಪಿಎಚ್) 5.5ಕ್ಕಿಂತ ಕೆಳಗಿದ್ದರೆ ಮಾತ್ರ ಬಿತ್ತನೆಗೆ ಎರಡು ಮೂರು ವಾರ ಮುಂಚೆ ಸುಣ್ಣ ಹಾಕಬೇಕಾಗುತ್ತದೆ. ಎಷ್ಟು ಎಂದು ಚೀಟಿ ನೋಡಿಯೇ ಹೇಳುತ್ತೇನೆ, ಅಂದಾಜಿಗೆ ಸುರಿಯಬೇಡಿ.